ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು

ನನ್ನ ತುಂಬುಬಸುರಿ ನಾದಿನಿ ಶಿವಕಾಮಿಗೆ ರಕ್ತ ಹೋಗಲು ಶುರುವಾದಾಗ ಗಂಟೆ ಹತ್ತು ಮೂವತ್ತೈದು. ನಾನು ಗಡಿಯಾರ ನೋಡಿದೆ. ಈ ಮನೆಯಲ್ಲಿ ಏನಾದರೂ ಆದರೆ ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ಮನುಷ್ಯರನ್ನು. ಐದು ವರ್ಷದಲ್ಲಿ ನನಗೂ ಅದು ಅಂಟಿಕೊಂಡಿದೆ.

ಅವಳು ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅತ್ತಿಗೆ, ನೀರು ಹೋಗ್ತಿದೆ ಅಂದ್ಕೊಂಡೆ. ನೀರಲ್ಲ ಇದು."

ಪಾದದವರೆಗೆ ಇಳಿದಿತ್ತು. ಬೆಳ್ಳಿ ಕಾಲುಂಗುರ ಕೆಂಪಾಗಿತ್ತು. ನಾನು ಅವಳನ್ನು ಹಜಾರದ ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿಸಿ, ಕುಂಭಕೋಣದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಎರಡೇ ಪ್ರಶ್ನೆ ಕೇಳಿದರು. ಹೊಟ್ಟೆ ಮುಟ್ಟಿದರೆ ಕಲ್ಲಿನಂತಿದೆಯಾ? ಇದೆ. ನೋವು ಬಿಟ್ಟು ಬಿಟ್ಟು ಬರ್ತಿದೆಯಾ, ಬಿಡದೇ ಇದೆಯಾ? ಬಿಡದೇ ಇದೆ.

"ಮಾಸು ಬಿಟ್ಕೊಳ್ತಿರಬೇಕು. ಮಗುಗೆ ಉಸಿರು ಹೋಗೋದೇ ಅದರಿಂದ. ಈಗಲೇ ಹೊರಡಿ. ನಾನು ಥಿಯೇಟರ್ ರೆಡಿ ಇಡ್ತೀನಿ. ತಡ ಮಾಡಿದ್ರೆ ಇಬ್ಬರೂ ಸಿಗಲ್ಲ ನನಗೆ, ತಿಳೀತಾ?"

ತಿಳಿಯಿತು. ಎದುರು ಮನೆಯ ಜಮಾಲ್ ಬಾಯ್‌ಗೆ ಹೇಳಿಕಳಿಸಬೇಕಾಗಲಿಲ್ಲ, ಕಿಟಕಿಯಿಂದ ಕೂಗಿದರೆ ಸಾಕು. ಅವರು ಬನಿಯನ್ನಿನಲ್ಲೇ ಬಂದು ವ್ಯಾನ್ ತಿರುಗಿಸಿ ನಮ್ಮ ಜಗಲಿಗೆ ಹಚ್ಚಿ ನಿಲ್ಲಿಸಿದರು.

ಆಗ ಮನೆ ಹಿಂದಿನ ಎರಕದ ಪಟ್ಟಡಿಯಿಂದ ಮಾವ ಬಂದರು.

ನನ್ನ ಮಾವ ಸಭಾಪತಿ ಪತ್ತರ್ ನಾಚಿಯಾರ್‌ಕೋವಿಲಿನಲ್ಲಿ ಹಿತ್ತಾಳೆ ದೀಪ ಎರೆಯುವವರು. ಆಳೆತ್ತರದ ದೀಪಗಳು, ಮೇಲೆ ಹಂಸ. ನಮ್ಮ ಕಾವೇರಿ ಮರಳಿನ ಅಚ್ಚು ಬೇರೆ ಎಲ್ಲೂ ಬರುವುದಿಲ್ಲ ಎನ್ನುತ್ತಾರೆ. ಅವರು ರಾಹುಕಾಲದಲ್ಲಿ ಎರಕ ಹೊಯ್ಯುವುದಿಲ್ಲ. ಮೂಸೆಯಲ್ಲಿ ಲೋಹ ಕುದಿಯುತ್ತಿದ್ದರೂ ಇದ್ದಿಲು ಹಾಕುತ್ತಾ ಕಾಯುತ್ತಾರೆ. ಅವರ ಅಪ್ಪ, ಅಜ್ಜ ಹಾಗೇ ಕಾದವರು. ಹಿತ್ತಾಳೆ ಕಾಯುತ್ತದೆ. ಅದಕ್ಕೇನೂ ಆಗುವುದಿಲ್ಲ.

ಅವರು ಚಾಪೆ ನೋಡಿದರು, ಮಗಳ ಮುಖ ನೋಡಿದರು, ಗೋಡೆಯ ಕ್ಯಾಲೆಂಡರಿನ ದಿನದ ಹಾಳೆ ನೋಡಿದರು. ಶುಕ್ರವಾರ. ರಾಹು ಹತ್ತೂವರೆಯಿಂದ ಹನ್ನೆರಡು. ನೋಡಬೇಕಾಗಿರಲಿಲ್ಲ. ಈ ಊರಿನಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲು ಅದು ಬಾಯಿಪಾಠ.

"ಹನ್ನೆರಡು ಹೊಡೀಲಿ," ಅಂದರು.

ನನಗೆ ಕಿವಿಯಲ್ಲಿ ಏನೋ ಗುಂಯ್ ಎಂದಿತು. ಹದಿಮೂರು ತಿಂಗಳಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಅನ್ನ ರುಚಿಸುತ್ತಿರಲಿಲ್ಲ, ಅಳು ಬರುತ್ತಿರಲಿಲ್ಲ. ಮರಗಟ್ಟಿದ ಕಾಲಿಗೆ ರಕ್ತ ತಿರುಗಿ ಹರಿಯುವಾಗ ಮೊದಲು ಚುಚ್ಚುತ್ತದೆ. ಹಾಗೆ ಚುಚ್ಚಿತು.

ಹದಿಮೂರು ತಿಂಗಳ ಹಿಂದೆ, ಪೊಂಗಲಿನ ತೈ ತಿಂಗಳ ಒಂದು ಮಂಗಳವಾರ, ಮೂರು ಗಂಟೆ ಐದು ನಿಮಿಷಕ್ಕೆ ನನ್ನ ಗಂಡ ಮಾರನ್ ಇದೇ ಹಜಾರದಲ್ಲಿ ಎದೆ ಹಿಡಿದುಕೊಂಡು ಕೂತ. ಮೂವತ್ತನಾಲ್ಕು ವರ್ಷ. ಅಂಗಿ ಒದ್ದೆಯಾಗಿತ್ತು. ಮಂಗಳವಾರದ ರಾಹು ಮೂರರಿಂದ ನಾಲ್ಕೂವರೆ. ಮಾವ ಅವತ್ತೂ ಇಷ್ಟೇ ಮೆಲ್ಲಗೆ, "ನಾಲ್ಕೂವರೆ ಆಗ್ಲಿ. ಗ್ಯಾಸ್ ಇರಬೇಕು, ಸೋಡಾ ಕೊಡು," ಅಂದಿದ್ದರು. ನಾನು ಸೋಡಾ ಕೊಟ್ಟೆ. ತಿರುಚ್ಚಿಯಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮಾಡಿದವಳು ನಾನು. ನಾನೂ ಗಡಿಯಾರ ನೋಡುತ್ತಾ ಕೂತಿದ್ದೆ. ನಾಲ್ಕೂ ಮೂವತ್ತೊಂದಕ್ಕೆ ಹೊರಟೆವು. ದಾರಿಯಲ್ಲಿ ತೇಪೆರುಮಾನಲ್ಲೂರಿನ ತಿರುವಿನಲ್ಲಿ ಅವನು ನನ್ನ ಭುಜಕ್ಕೆ ಒರಗಿದ. ನಿದ್ದೆ ಬಂತೇನೋ ಅಂದುಕೊಂಡೆ.

ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾವ, ಡಾಕ್ಟರು ಈಗಲೇ ಅಂದ್ರು."

"ಡಾಕ್ಟರಮ್ಮಂಗೆ ಏನಮ್ಮ ಗೊತ್ತು? ಜೋಯಿಸರು ಹೆರಿಗೆಗೆ ಅಂತ ನೋಡಿಕೊಟ್ಟಿದ್ದು ಬುಧವಾರ ಒಂಬತ್ತೂ ಕಾಲು. ಅದಂತೂ ಕೈ ಬಿಡ್ತು. ಈಗ ರಾಹು ಬಾಯಿಗೇ ತಗೊಂಡು ಹೋಗಿ ಇಡು ಅಂತೀಯಾ? ಒಂದು ಜೀವ ಕೊಟ್ಟಿದೀನಿ ಈ ಮನೇಲಿ. ಇನ್ನೊಂದು ಕೊಡಲ್ಲ."

ಹೊರಗಿನಿಂದ ಜಮಾಲ್ ಬಾಯ್ ಹಾರ್ನ್ ಒತ್ತಿದರು.

"ಪತ್ತರೇ, ಮಗಳನ್ನ ಕೂರಿಸಿ! ನನಗೂ ರಾಹುಕಾಲ ಇಲ್ಲ, ನನ್ನ ವ್ಯಾನಿಗೂ ಇಲ್ಲ!"

"ನೀವು ಸುಮ್ನಿರಿ ಬಾಯ್. ಮಾರನ್‌ನ ಕರ್ಕೊಂಡು ಹೋಗಿದ್ದೂ ಇದೇ ವ್ಯಾನಲ್ಲೇ."

"ಹೌದು ರೀ, ಇದೇ ವ್ಯಾನು. ಅವತ್ತೂ ಇಲ್ಲೇ ಒಂದೂವರೆ ಗಂಟೆ ನಿಲ್ಲಿಸ್ಕೊಂಡಿದ್ರಿ. ಅವತ್ತು ಬಾಯಿ ಮುಚ್ಕೊಂಡಿದ್ದೆ. ಇವತ್ತು ಮುಚ್ಕೊಳಲ್ಲ, ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀನಿ!"

ಮಾವ ಬಾಗಿಲಿಗೆ ಅಡ್ಡ ನಿಂತರು. ಕೈ ಎರಡೂ ಚೌಕಟ್ಟಿನ ಮೇಲೆ. ಆ ಕೈಗಳು ನಲವತ್ತು ಕಿಲೋ ಮೂಸೆ ಎತ್ತಿದ ಕೈಗಳು.

ಅತ್ತೆ ಅಂಜಲೈ ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಹಿಂಡಿ ಮಗುಚಿದ ನಿಂಬೆಹೋಳುಗಳು, ತುಪ್ಪ, ಬತ್ತಿ. ಶುಕ್ರವಾರದ ರಾಹುಕಾಲದಲ್ಲಿ ದುರ್ಗೆಯ ಗುಡಿಯಲ್ಲಿ ನಿಂಬೆಹೋಳಿನ ದೀಪ ಹಚ್ಚಲು ಹೊರಟಿದ್ದವರು.

"ಅತ್ತೆ ಪ್ರತಿ ಶುಕ್ರವಾರ ಇದೇ ಹೊತ್ತಿಗೆ ಹೊಸಿಲು ದಾಟ್ತಾರಲ್ಲ ಮಾವ. ಅವರನ್ನ ರಾಹು ಹಿಡಿಯಲ್ವಾ?"

"ಅದು ಪೂಜೆ. ಮಾತಿಗೆ ಮಾತು ಬೆಳೆಸ್ಬೇಡ."

"ಹಾಗಾದ್ರೆ ಶಿವಕಾಮಿ ಕೈಗೂ ಒಂದು ನಿಂಬೆಹಣ್ಣು ಕೊಡಿ. ಪೂಜೆಗೆ ಅಂತ್ಲೇ ಹೊರಡ್ಲಿ."

"ತೇನ್‌ಮೊಳಿ!"

ನನ್ನ ಹೆಸರು ಅದು. ಜೇನಿನಂಥ ಮಾತಿನವಳು ಎಂದು ಅರ್ಥ. ಇಟ್ಟವರು ನನ್ನ ಅಪ್ಪ. ಅವರಿಗೇನು ಗೊತ್ತಿತ್ತು.

ಚಾಪೆಯ ಮೇಲಿಂದ ಶಿವಕಾಮಿ, "ಅಪ್ಪಾ... ಹೋಗ್ಲಾ?" ಅಂದಳು.

ಹೋಗಲಾ ಎಂದು ಕೇಳಿದಳು. ಅವಳ ಕೆಳಗೆ ಚಾಪೆ ತೊಯ್ಯುತ್ತಿತ್ತು, ಮತ್ತು ಅವಳು ಅಪ್ಪಣೆ ಕೇಳುತ್ತಿದ್ದಳು. ಬಿ.ಕಾಂ. ಓದಿದ್ದಾಳೆ. ಸ್ಕೂಟರ್ ಓಡಿಸುತ್ತಾಳೆ. ಅವಳ ಗಂಡ ನೈವೇಲಿಯಿಂದ ಹೊರಟಿದ್ದೇನೆ ಎಂದು ಫೋನಿನಲ್ಲಿ ಅಳುತ್ತಿದ್ದ. ಅವನೂ ಕೊನೆಗೆ ಅಂದಿದ್ದು, "ಮಾವ ಏನಂತಾರೆ?"

"ಒಂದು ಗಂಟೆ ತಡ್ಕೋ ಕಂದ," ಅಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವರನ್ನು ತಳ್ಳಿ ಹೋಗುವಷ್ಟು ಬಲ ನನಗಿರಲಿಲ್ಲ. ಜಮಾಲ್ ಬಾಯ್ ಒಳಗೆ ಬಂದು ತಳ್ಳಾಟವಾದರೆ ಬೀದಿ ಸೇರುತ್ತದೆ, ಬೀದಿ ಸೇರಿದರೆ ಪಂಚಾಯಿತಿ, ಪಂಚಾಯಿತಿ ಮುಗಿಯುವಾಗ ಹನ್ನೆರಡು. ಗಂಟೆ ಹತ್ತೂ ನಲವತ್ತಮೂರು. ಬುದ್ಧಿವಾದಕ್ಕೆ ಸಮಯವಿರಲಿಲ್ಲ. ನನ್ನ ಬಳಿ ಒಂದು ಲೆಕ್ಕ ಇತ್ತು. ಅದನ್ನು ಹತ್ತು ತಿಂಗಳಿಂದ ಇಟ್ಟುಕೊಂಡಿದ್ದೆ. ಯಾರಿಗೂ ತೋರಿಸಬಾರದೆಂದುಕೊಂಡಿದ್ದೆ.

ನಾನು ದೇವರ ಗೂಡಿಗೆ ಹೋಗಿ ಮಾವನ ಅಪ್ಪನ ಕಾಲದ ಪಂಚಾಂಗ ತಂದೆ. ವಿಧವೆ ಮುಟ್ಟಬಾರದ ಗೂಡು ಅದು. ಯಾರೂ ತಡೆಯಲಿಲ್ಲ. ಮೊದಲ ಹಾಳೆ ತೆರೆದು ಅವರ ಮೂಗಿನ ಮುಂದೆ ಹಿಡಿದೆ.

"ಓದಿ ಮಾವ."

"ಏನಿದು ಈಗ?"

"ಓದಿ. ಗಟ್ಟಿಯಾಗಿ."

ಅಭ್ಯಾಸಬಲ. ಅಕ್ಷರ ಕಂಡರೆ ಓದುವ ಮನುಷ್ಯ ಅವರು. "ಆಯಾ ಊರಿನ ಸೂರ್ಯೋದಯದಿಂದ ಅಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ..."

"ಸಾಕು. ಆಯಾ ಊರಿನ ಸೂರ್ಯೋದಯದಿಂದ. ನಿಮ್ಮ ದಿನದ ಹಾಳೆಯವರು ವರ್ಷವೆಲ್ಲಾ ಆರು ಗಂಟೆಗೇ ಸೂರ್ಯ ಹುಟ್ತಾನೆ ಅಂತ ಇಟ್ಕೊಂಡಿದಾರೆ. ಇವತ್ತು ನಮ್ಮೂರಲ್ಲಿ ಆರು ಗಂಟೆಗೆ ಹುಟ್ಟಿದ್ನಾ? ನೀವು ಆಗ ಬಾವಿಕಟ್ಟೆ ಮೇಲೆ ಟಾರ್ಚ್ ಹಿಡ್ಕೊಂಡು ಹಲ್ಲುಜ್ತಾ ಇದ್ರಿ."

ಅವರ ಕಣ್ಣು ಮತ್ತೆ ಆ ಸಾಲಿಗೇ ಹೋಯಿತು.

"ಇವತ್ತಿನ ಉದಯ ಆರೂ ಮೂವತ್ತೈದು. ಬೆಳಗಿನ ಪೇಪರಲ್ಲಿದೆ. ಒಂದೊಂದು ಭಾಗಕ್ಕೆ ಎಂಬತ್ತೆಂಟು ನಿಮಿಷ. ಶುಕ್ರವಾರ ರಾಹುದು ನಾಲ್ಕನೇ ಭಾಗ. ಮೂರು ಭಾಗ ಕಳೀಬೇಕು. ಲೆಕ್ಕ ಹಾಕಿ ಮಾವ, ನೀವು ತಾಮ್ರ-ಸತು ಬಾಯಲ್ಲೇ ಲೆಕ್ಕ ಹಾಕ್ತೀರಲ್ಲ."

ಅವರ ತುಟಿ ಆಡಿತು. ಎಂಬತ್ತೆಂಟು ಮೂರ್ಲ. ಇನ್ನೂರ ಅರವತ್ತನಾಲ್ಕು. ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ.

"ಹತ್ತೂ ಐವತ್ತೊಂಬತ್ತು," ಅಂದರು.

"ಈಗ ಹತ್ತೂ ನಲವತ್ತಾರು. ರಾಹುಕಾಲ ಇನ್ನೂ ಶುರುವೇ ಆಗಿಲ್ಲ. ಹದಿಮೂರು ನಿಮಿಷ ಇದೆ. ನೀವು ನಿಂತ್ಕೊಂಡು ಕಳೀತಿರೋದು ಒಳ್ಳೇ ಹೊತ್ತು. ಹನ್ನೆರಡಕ್ಕೆ ಹೊರಟ್ರೆ ಸರಿಯಾಗಿ ರಾಹು ನಡುವೆ ಹೊರಟ ಹಾಗೆ. ಅವಾಗ ನಿಮ್ಮ ಕೈಯಾರೆ ಬಾಯಿಗೆ ಇಟ್ಟ ಹಾಗೆ."

ನನ್ನ ದನಿ ನನ್ನದೆನಿಸಲಿಲ್ಲ. ಅತ್ತೆಯ ಕೈಯಿಂದ ತಟ್ಟೆ ಕೆಳಗೆ ಬಿತ್ತು. ಆ ಹೆಂಗಸು ಮೂವತ್ತೆಂಟು ವರ್ಷದಲ್ಲಿ ಗಂಡನಿಗೆ ಎದುರಾಡಿದ್ದನ್ನು ಯಾರೂ ಕೇಳಿಲ್ಲ. ಈಗಲೂ ಎದುರಾಡಲಿಲ್ಲ. ಮಗಳ ತಲೆಯ ಬಳಿ ಕೂತು, ಕಂಕುಳಿಗೆ ಕೈ ಹಾಕಿ, "ಕಾಲು ಹಿಡೀರಿ," ಅಂದರು.

ಗಂಡನಿಗೇ ಅಂದದ್ದು. ಅವರು ಬಾಗಿಲು ಬಿಟ್ಟು ಬಂದು ಕಾಲು ಹಿಡಿದರು.

ಹತ್ತೂ ಐವತ್ತಕ್ಕೆ ವ್ಯಾನ್ ಹೊರಟಿತು. ನಾನು ಹಿಂದೆ ಕೂತೆ, ಶಿವಕಾಮಿಯ ತಲೆ ನನ್ನ ತೊಡೆಯ ಮೇಲೆ. ಬಸುರಿಗೆ ವಿಧವೆ ಎದುರಾಗಬಾರದೆಂದು ನನ್ನನ್ನು ನಾಲ್ಕು ತಿಂಗಳಿಂದ ಮನೆಯ ಹಿಂದಿನ ಕೋಣೆಯಲ್ಲಿಟ್ಟಿದ್ದರು. ಈಗ ಯಾರಿಗೂ ನೆನಪಿರಲಿಲ್ಲ. ಮುಂದಿನ ಸೀಟಿನಲ್ಲಿ ಮಾವ ಗಡಿಯಾರ ಕಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದರು. ತೇಪೆರುಮಾನಲ್ಲೂರಿನ ತಿರುವು ಬಂತು. ನಾನು ಶಿವಕಾಮಿಯ ಕೆನ್ನೆಗೆ ಹೊಡೆದೆ.

"ನಿದ್ದೆ ಮಾಡ್ಬೇಡ. ಮಾಡಿದ್ರೆ ಕೊಂದುಬಿಡ್ತೀನಿ."

"ಇಲ್ಲ ಅತ್ತಿಗೆ," ಅಂದಳು. "ಹೊಡೀಬೇಡಿ, ಎಚ್ಚರ ಇದೀನಿ."

ಮತ್ತೆ ಹೊಡೆದೆ.

ಡಾಕ್ಟರಮ್ಮ ಬಾಗಿಲಲ್ಲೇ ಇದ್ದರು. ಸ್ಟ್ರೆಚರ್ ಒಳಗೆ ಹೋಗುವಾಗ ಹೊಟ್ಟೆ ಮುಟ್ಟಿ ನೋಡಿ, "ಇನ್ನರ್ಧ ಗಂಟೆ ಆಗಿದ್ರೆ ನನ್ನ ಕೈಲಾಗ್ತಿರಲಿಲ್ಲ," ಅಂದರು. ಯಾರಿಗೆ ಎಂದಲ್ಲ, ಗೋಡೆಗೆ ಹೇಳಿದಂತೆ. ಮಾವ ಗೋಡೆಯ ಪಕ್ಕದಲ್ಲೇ ನಿಂತಿದ್ದರು.

ಹನ್ನೊಂದೂ ನಲವತ್ತೊಂದಕ್ಕೆ ಹೆಣ್ಣುಮಗು ಹುಟ್ಟಿತು. ಶಿವಕಾಮಿಗೆ ರಕ್ತ ಏರಿಸುತ್ತಿದ್ದಾರೆ, ಉಳಿಯುತ್ತಾಳೆ ಎಂದರು. ಅತ್ತೆಯನ್ನು ಒಳಗೆ ಕರೆದರು. ಜಮಾಲ್ ಬಾಯ್ ರಕ್ತ ಕೊಡಲು ಕೆಳಗೆ ಹೋದರು. ಅವರದ್ದೂ ಶಿವಕಾಮಿಯದ್ದೂ ಒಂದೇ ಗುಂಪು.

ಸ್ವಲ್ಪ ಹೊತ್ತಿಗೆ ದಾದಿ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಳು.

"ತಾತ ಯಾರು? ಬನ್ನಿ, ಎತ್ಕೊಳ್ಳಿ. ಚೆನ್ನಾಗಿ ಅತ್ತಳು ಕಳ್ಳಿ."

ಮಾವ ಎದ್ದರು. ಎರಡೂ ಕೈ ಮುಂದೆ ಬಂದವು. ಆಮೇಲೆ ಅವರ ಕಣ್ಣು ದಾದಿಯ ತಲೆಯ ಮೇಲಿನ ಗಡಿಯಾರಕ್ಕೆ ಹೋಯಿತು. ಹನ್ನೆರಡಕ್ಕೆ ಐದು ನಿಮಿಷ. ಕೈಗಳು ನಿಧಾನವಾಗಿ ಹಿಂದಕ್ಕೆ ಹೋದವು.

"ಸ್ವಲ್ಪ ತಾಳಮ್ಮ," ಅಂದರು.

ದಾದಿ ನಕ್ಕಳು. ಈ ಊರ ಆಸ್ಪತ್ರೆಯವಳು, ಅವಳಿಗೆ ಇದು ಹೊಸದಲ್ಲ. "ನಾನೇನು ದೀಪದ ಕಂಬವೇನಜ್ಜಾ, ಹಿಡ್ಕೊಂಡು ನಿಂತಿರೋಕೆ? ಒಳಗೆ ಕೆಲಸ ಇದೆ."

ನಾನು ತೆಗೆದುಕೊಂಡೆ.

ಮಗು ಭಾರವಿತ್ತು. ಅಷ್ಟು ಚಿಕ್ಕದು ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತೆ. ಎದುರು ಬೆಂಚಿನಲ್ಲಿ ಮಾವ ಕೂತರು. ಅವರು ಬೆರಳ ಗೆಣ್ಣುಗಳನ್ನು ಎಣಿಸುತ್ತಿದ್ದರು. ಜಪವಲ್ಲ, ಲೆಕ್ಕ. ಜಪ ಮಾಡುವಾಗ ಅವರ ಹುಬ್ಬು ಗಂಟಾಗುವುದಿಲ್ಲ.

"ತೇನ್‌ಮೊಳಿ."

"ಹೇಳಿ."

"ತೈ ತಿಂಗಳಲ್ಲಿ... ಆ ಮಂಗಳವಾರ. ಉದಯ ಎಷ್ಟಕ್ಕಿತ್ತು?"

ಗೊತ್ತಿಲ್ಲ ಎನ್ನಬಹುದಿತ್ತು. ಮುದುಕ. ಒಬ್ಬನೇ ಮಗ ಹೋಗಿದ್ದಾನೆ. ಗೊತ್ತಿಲ್ಲ ಎಂದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಸೊಸೆಯಾಗಿದ್ದರೆ ಹಾಗೆಯೇ ಅನ್ನುತ್ತಿದ್ದಳು, ಜನ ಅವಳನ್ನು ಒಳ್ಳೆಯವಳು ಎನ್ನುತ್ತಿದ್ದರು.

"ಆರೂ ಮೂವತ್ತಾರು," ಅಂದೆ. "ಮಂಗಳವಾರದ್ದು ಏಳನೇ ಭಾಗ. ಅವತ್ತಿನ ರಾಹು ಮೂರೂ ಹದಿನಾರಕ್ಕೆ ಶುರು. ನಾಲ್ಕೂ ನಲವತ್ತಮೂರಕ್ಕೆ ಮುಗೀತು."

ಅವರು ಅದನ್ನು ಬಾಯಲ್ಲಿ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ನೋಡಲಿಲ್ಲ.

"ಅವನಿಗೆ ನೋವು ಬಂದಿದ್ದು ಮೂರೂ ಐದಕ್ಕೆ."

"ಹೂಂ."

"ಹನ್ನೊಂದು ನಿಮಿಷ ಇತ್ತು."

"ಇತ್ತು."

"ನಾವು ಹೊರಟಿದ್ದು ನಾಲ್ಕೂ ಮೂವತ್ತೊಂದು." ಎಣಿಸುತ್ತಿದ್ದ ಬೆರಳು ನಿಂತಿತು. "ಸರಿಯಾಗಿ ಒಳಗೇ ಹೊರಟ್ವಿ. ಅವನನ್ನ ನಾನು... ಒಳಗೇ ಕರ್ಕೊಂಡು ಹೊರಟೆ."

ಈ ಗಳಿಗೆಗಾಗಿ ಹತ್ತು ತಿಂಗಳು ಕಾದಿದ್ದೆ ಎಂದು ಆಗ ಗೊತ್ತಾಯಿತು. ಇಷ್ಟು ಸಣ್ಣದಾಗಿರುತ್ತದೆ ಎಂದುಕೊಂಡಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಚಿತ್ತಿರೈ ತಿಂಗಳಿಂದ ಗೊತ್ತಿತ್ತು."

"ಯಾಕಮ್ಮ ಹೇಳ್ಲಿಲ್ಲ? ಹೇಳಿದ್ರೆ ಇವತ್ತು ಹೀಗೆ ನಿಂತ್ಕೊಂಡು ಒದ್ದಾಡೋದು ತಪ್ತಿತ್ತಲ್ಲ. ಆ ಹಾಳು ದಿನದ ಹಾಳೆ ನಂಬ್ಕೊಂಡು ಕೂತಿದ್ನಲ್ಲ ನಾನು." ಅವರು ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದರು. "ಒಂದು ಕೆಲಸ ಮಾಡು. ವರ್ಷದ ಅಷ್ಟೂ ದಿನದ ಉದಯ ಬರೆದುಕೊಡು ನಂಗೆ. ಗೋಡೆಗೆ ಅಂಟಿಸ್ಕೋತೀನಿ. ಇನ್ಮೇಲೆ ನಿಜವಾದ ಲೆಕ್ಕನೇ ನೋಡೋಣ."

ನನ್ನ ತೋಳಿನಲ್ಲಿ ಮಗು ಮೈ ಮುರಿಯಿತು. ನಾನು ಬಿಗಿಯಾಗಿ ಹಿಡಿದಿದ್ದೆ ಅನ್ನಿಸುತ್ತದೆ.

"ಅದಕ್ಕೇ ಹೇಳ್ಲಿಲ್ಲ ಮಾವ," ಅಂದೆ. "ಹೇಳಿದ್ರೆ ತಪ್ಪಿದ್ದು ಲೆಕ್ಕ ಅಂದ್ಕೋತೀರಿ ಅಂತ. ಲೆಕ್ಕ ಅಲ್ಲ ತಪ್ಪಿದ್ದು. ಒಬ್ಬ ಮನುಷ್ಯ ಎದೆ ಹಿಡ್ಕೊಂಡು ಕೂತಿದ್ದಾಗ ನಾವಿಬ್ಬರೂ ಗಡಿಯಾರ ನೋಡಿದ್ವಿ. ಸೂರ್ಯ ಎಷ್ಟು ಗಂಟೆಗೆ ಹುಟ್ಟಿದ್ರೂ ಅವನು ಸಾಯ್ತಿದ್ದ. ನಮ್ಮ ಮನೇಲಿದ್ದ ಅಂತ."

"ಹಾಗನ್ಬೇಡಮ್ಮ."

"ಬೆಳಿಗ್ಗೆ ನಾನು ಹೇಳಿದ್ದು ಲೆಕ್ಕ ಸರಿ, ಮಾತು ಸುಳ್ಳು. ಹನ್ನೊಂದು ಗಂಟೆಗೆ ರಕ್ತ ಬಂದಿದ್ರೆ? ನಿಜವಾದ ಲೆಕ್ಕದಲ್ಲೇ ಕೂರಿಸಿ ಕೊಲ್ತಿದ್ರಿ ಅಲ್ವಾ ಅವಳನ್ನ? ನಾನೇ ಬರೆದುಕೊಟ್ಟ ಚೀಟಿ ನೋಡ್ಕೊಂಡು?"

ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಮಾವ ತಲೆ ತಗ್ಗಿಸಿದರು. ನಾನು ಇನ್ನೂ ಹೇಳಬಹುದಿತ್ತು. ಬಾಯಿ ತುಂಬ ಇತ್ತು. ಆದರೆ ಅವರು ಏನೋ ಕೇಳಲು ಹೊರಟು ನುಂಗಿಕೊಂಡದ್ದು ಕಂಡಿತು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟರು, ಬಹಳ ಮೆಲ್ಲಗೆ, ತಪ್ಪು ಮಾಡಿದ ಹುಡುಗನ ಹಾಗೆ.

"ಇವತ್ತಿನದು... ಎಷ್ಟಕ್ಕೆ ಮುಗಿಯುತ್ತೆ?"

ನಾನು ಉತ್ತರ ಕೊಡಬೇಕಾಗಿರಲಿಲ್ಲ. ಅವರ ಬೆರಳು ಆಗಲೇ ಎಣಿಸುತ್ತಿತ್ತು. ಹತ್ತೂ ಐವತ್ತೊಂಬತ್ತಕ್ಕೆ ಎಂಬತ್ತೆಂಟು ಕೂಡಿಸಿ. ಹನ್ನೆರಡೂ ಇಪ್ಪತ್ತೇಳು.

ಅವರು ಅಲ್ಲೇ ಕೂತರು. ಮಗಳ ಮಗು ಮೂರು ಅಡಿ ದೂರದಲ್ಲಿತ್ತು. ಒಮ್ಮೆ ಅದು ಕಣ್ಣು ಬಿಟ್ಟಿತು. ಅವರಿಗೆ ನೋಡಬೇಕೆನ್ನಿಸಿ ಕತ್ತು ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡರು. ನಾನು ಅವರನ್ನು ನೋಡುತ್ತಾ ಕೂತೆ. ಗಡಿಯಾರ ನೋಡಲಿಲ್ಲ. ಆ ಕೆಲಸ ಅವರು ಮಾಡುತ್ತಿದ್ದರು.

ಅವರು ಎದ್ದರು. ಪಂಚೆ ಸರಿ ಮಾಡಿಕೊಂಡರು. ಹೆಗಲ ಮೇಲಿನ ಟವೆಲ್ಲಿನಿಂದ ಅಂಗೈ ಒರೆಸಿಕೊಂಡು, ನನ್ನ ಮುಂದೆ ನಿಂತು ಎರಡೂ ಕೈ ಚಾಚಿದರು. ಮುಖದಲ್ಲಿ ಎಂಥ ಸಂತೋಷ.

"ಈಗ ಕೊಡಮ್ಮ."

ನಾನು ಕೊಡಲಿಲ್ಲ.

"ಅವಳಮ್ಮನಿಗೆ ಎಚ್ಚರ ಆಗ್ಲಿ," ಅಂದೆ. "ಅವಳನ್ನ ಕೇಳಿ."

ಚಾಚಿದ ಕೈ ಚಾಚಿದಂತೆಯೇ ಇತ್ತು. ನಾನು ಎದ್ದು, ಮಗುವನ್ನು ಎದೆಗವಚಿಕೊಂಡು, ಶಿವಕಾಮಿಯ ಕೋಣೆಯತ್ತ ನಡೆದೆ.